ಮೊರೆನಿಕೆ ಎಣಿಸಿದ ಗಂಟೆಗಳು

ಗನಿಯು ತೀರಿಕೊಂಡ ನಲವತ್ತನೆಯ ದಿನದ ಪ್ರಾರ್ಥನೆ ಮುಗಿದು ಅನ್ನದ ಹಂಡೆಗಳನ್ನು ಇನ್ನೂ ತೊಳೆದಿರಲಿಲ್ಲ. ಅಷ್ಟರಲ್ಲೇ ಅವನ ತಮ್ಮ ಲಾಸಿಸಿ ಹೋಗಿ ಅಂಗಡಿಯ ಬೀಗ ಬದಲಾಯಿಸಿ ಬಂದ. ಇಬಾದಾನ್ ನಗರದ ಮೊಕೊಲಾ ಪೇಟೆಯಲ್ಲಿ ಮದುವೆ, ನಾಮಕರಣಗಳಿಗೆ ಗನಿಯು ಜನರೇಟರ್ ಬಾಡಿಗೆಗೆ ಕೊಡುತ್ತಿದ್ದ ಅಂಗಡಿ ಅದು. ಗನಿಯುವಿನ ಹೆಂಡತಿ ಮೊರೆನಿಕೆ ಮರುದಿನ ಬೆಳಿಗ್ಗೆ ಕೀಲಿ ಹಿಡಿದು ಹೋದಾಗ ಅದು ಬೀಗದೊಳಗೆ ಹೋಗಲೇ ಇಲ್ಲ.

"ಅಣ್ಣಾ, ಇದೇನು?" ಎಂದಳು. ಲಾಸಿಸಿ ಅವಳಿಗಿಂತ ಚಿಕ್ಕವನು. ಆದರೆ ಅವಳು ಸೊಸೆಯಾಗಿ ಬರುವ ಮೊದಲೇ ಆ ಮನೆಯಲ್ಲಿ ಹುಟ್ಟಿದವನಾದ್ದರಿಂದ ಅಣ್ಣಾ ಎಂದೇ ಕರೆಯಬೇಕಿತ್ತು.

"ಇಯಾ ಅಶಾಬಿ, ಇದು ಗಂಡಸರ ಕೆಲಸ," ಎಂದ ಅವನು. ಮಗಳು ಅಶಾಬಿಯ ತಾಯಿ ಎಂದೇ ಎಲ್ಲರೂ ಅವಳನ್ನು ಕರೆಯುತ್ತಿದ್ದುದು. "ನೀನು ಮನೆ ನೋಡ್ಕೋ. ನಿನಗೂ ಮಗೂಗೂ ಊಟಕ್ಕೇನು ಕಮ್ಮಿ ಮಾಡಲ್ಲ."

"ಆ ಕೆಂಪು ಯಂತ್ರ ಆದ್ರೂ ಕೊಡಿ. ನನ್ನ ಮದುವೆ ಬಟ್ಟೆ, ಹವಳದ ಸರ ಎಲ್ಲಾ ಮಾರಿ ತಗೊಂಡಿದ್ದು ಅದು."

"ಕೊಟ್ರೆ ಏನ್ಮಾಡ್ತೀಯ? ಅದರ ಮೇಲೆ ಬಾಣಲೆ ಇಟ್ಟು ಆಕಾರಾ ವಡೆ ಕರೀತೀಯಾ?"

ಅಂಗಡಿಯಲ್ಲಿ ಕೂತಿದ್ದವರು ಹೋ ಎಂದು ನಕ್ಕರು. ಆ ನಗೆ ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಉಳಿಯಿತು.

ವಾರ ಕಳೆಯುವುದರೊಳಗೆ ಮೊರೆನಿಕೆ ನಿಜಕ್ಕೂ ಆಕಾರಾ ಕರಿಯಲು ಕೂತಳು, ಅದೂ ಅಂಗಡಿಯ ಎದುರಿಗೇ, ರಸ್ತೆಯ ಆಚೆ ಬದಿಯಲ್ಲಿ. ಅಲಸಂದೆ ನೆನೆಸಿ ರುಬ್ಬಿ, ಈರುಳ್ಳಿ, ಮೆಣಸಿನಕಾಯಿ ಸೇರಿಸಿ, ಕಾದ ಎಣ್ಣೆಗೆ ಬಿಡುವುದು. ಹೊಟ್ಟೆಪಾಡಿಗೆ ಎಂದು ಜನ ತಿಳಿದರು. ಹೊಟ್ಟೆಪಾಡಿಗೆ ಹೌದು. ಆದರೆ ಆ ಜಾಗವನ್ನೇ ಆರಿಸಿಕೊಂಡದ್ದು ಲಾಸಿಸಿಯ ಮೇಲೆ ಕಣ್ಣಿಡುವುದಕ್ಕೆ.

ಗನಿಯು ಇದ್ದಾಗ ಪ್ರತಿ ಯಂತ್ರದ ಹಿಂದಿನ ಗೋಡೆಯ ಮೇಲೆ ಅದು ಓಡಿದ ಗಂಟೆಗಳನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಬರೆಯುವ ಕೆಲಸ ಹೆಚ್ಚಾಗಿ ಮೊರೆನಿಕೆಯದೇ. ನೂರು ಗಂಟೆ ತುಂಬಿದರೆ ಹಳೆಯ ಎಣ್ಣೆ ಬಸಿದು ಹೊಸದು ತುಂಬಬೇಕು, ಗಾಳಿಯ ಜಾಲರಿ ತೊಳೆಯಬೇಕು, ಪ್ಲಗ್ ಉಜ್ಜಬೇಕು. ಆಮೇಲೆ ಗೋಡೆ ಒರೆಸಿ ಸೊನ್ನೆಯಿಂದ ಶುರು. "ಇಂಜಿನ್ನಿಗೆ ಬಾಯಿಲ್ಲ ಕಣೇ, ಅದರ ಹಸಿವು ನಾವೇ ಎಣಿಸ್ಬೇಕು," ಎನ್ನುತ್ತಿದ್ದ ಗನಿಯು.

ಲಾಸಿಸಿ ಮೊದಲು ಮಾಡಿದ ಕೆಲಸವೆಂದರೆ ಆ ಗೋಡೆಗೆ ಹಸಿರು ಬಣ್ಣ ಬಳಿಸಿದ್ದು, ಅದರ ಮೇಲೆ ತನ್ನ ಹೆಸರು ಬರೆಸಿದ್ದು.

ಕೆಂಪು ಯಂತ್ರವನ್ನು ಅವನು ಬಾಡಿಗೆಗೆ ಕಳಿಸುತ್ತಿರಲಿಲ್ಲ. ಅಂಗಡಿಯ ಮುಂದೆಯೇ ಇಟ್ಟು ತಂಪು ಪಾನೀಯದ ಪೆಟ್ಟಿಗೆಗೂ ಜನರ ಫೋನ್ ಚಾರ್ಜಿಗೂ ಓಡಿಸುತ್ತಿದ್ದ. ಅದು ಯಾವಾಗ ಶುರುವಾಯಿತು, ಯಾವಾಗ ನಿಂತಿತು, ಮೊರೆನಿಕೆಗೆ ಕೂತಲ್ಲಿಂದಲೇ ಕೇಳುತ್ತಿತ್ತು. ಒಲೆಯ ಹಿಂದಿನ ಹಲಗೆಯ ಮೇಲೆ ಇದ್ದಿಲಿನಿಂದ ಗಂಟೆಗೊಂದು ಗೆರೆ ಎಳೆಯತೊಡಗಿದಳು. ನೂರು ತುಂಬಿತು. ಯಾರೂ ಎಣ್ಣೆ ಬಸಿಯಲಿಲ್ಲ. ಇನ್ನೂರಾಯಿತು. ಎಣ್ಣೆ ತೀರಾ ಇಳಿದು ಯಂತ್ರ ತನಗೆ ತಾನೇ ನಿಲ್ಲತೊಡಗಿದಾಗ, ಹಾಗೆ ನಿಲ್ಲಿಸುವ ತಂತಿಯನ್ನೇ ಲಾಸಿಸಿ ಕತ್ತರಿಸಿ ಹಾಕಿದ. ಗ್ಯಾರೇಜಿನವರು ಬಿಸಾಡಿದ ಕಪ್ಪು ಎಣ್ಣೆಯನ್ನು ಒಮ್ಮೊಮ್ಮೆ ತಂದು ಮೇಲಷ್ಟು ಸುರಿದ.

ಒಂದು ದಿನ ಹೊಗೆ ನೀಲಿಯಾದದ್ದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ರಸ್ತೆ ದಾಟಿ ಹೋಗಿ, "ಅಣ್ಣಾ, ಅದರ ಎಣ್ಣೆ ಬದ್ಲಾಯಿಸಿ. ಅದು ಸಾಯ್ತಾ ಇದೆ," ಎಂದಳು.

"ನಿನ್ನ ಬಾಣಲೆ ಎಣ್ಣೆ ನೀನು ನೋಡ್ಕೋ. ನನ್ನ ಇಂಜಿನ್ ಎಣ್ಣೆ ನಾನು ನೋಡ್ಕೋತೀನಿ. ನೋಡಿ ಸ್ವಾಮಿ, ವಿಧವೆ ಆದ ಮೇಲೆ ಮೆಕ್ಯಾನಿಕ್ಕೂ ಆಗಿದಾಳೆ!"

ಮತ್ತೆ ಅದೇ ನಗು. ಮೊರೆನಿಕೆ ತಿರುಗಿ ಬಂದು ಒಲೆಯ ಮುಂದೆ ಕೂತಳು. ಆ ಯಂತ್ರ ಅವಳದು, ಅವಳ ಹವಳ, ಅವಳ ಮದುವೆ ಬಟ್ಟೆ. ಸಾಯಲಿ, ಎಂದುಕೊಂಡಳು. ಆದರೆ ಇವನ ಮುಖಕ್ಕೆ ಮಸಿ ಬಳಿದು ಸಾಯಲಿ. ಅಂದಿನಿಂದ ಅವಳು ಎಣ್ಣೆಯ ಮಾತೆತ್ತಲಿಲ್ಲ. ಒಂದೊಂದು ಗೆರೆ ಎಳೆಯುವಾಗಲೂ ನಾಲಿಗೆಯ ಮೇಲೆ ಬೆಲ್ಲ ಇಟ್ಟಂತಾಗುತ್ತಿತ್ತು.

ಪೇಟೆಯ ಬಾಡಿಗೆ ಅಂಗಡಿಗಳ ಸಂಘಕ್ಕೆ ಲಾಸಿಸಿ ಅಧ್ಯಕ್ಷನಾದ. ಪಟ್ಟ ಕಟ್ಟುವ ದಿನ ಅಂಗಡಿಯ ಮುಂದೆಯೇ ಶಾಮಿಯಾನ ಎದ್ದಿತು. ಬೇರೆಯವರ ಯಂತ್ರ ತರಿಸಿದರೆ ಮರ್ಯಾದೆ ಏನಾಗಬೇಕು? ಫ್ಯಾನುಗಳು, ಐಸ್ ಪೆಟ್ಟಿಗೆ, ಆಳೆತ್ತರದ ಸ್ಪೀಕರ್‌ಗಳು ಎಲ್ಲವನ್ನೂ, ಇದೊಂದೇ ಸಾಕೆಂದು, ಆ ಕೆಂಪು ಯಂತ್ರದ ಬೆನ್ನಿಗೇ ಹೇರಿದ. ಉರಿಬಿಸಿಲಿನ ಮಧ್ಯಾಹ್ನ. ಮೊರೆನಿಕೆ ಬಾಣಲೆ ಕೆಳಗಿಳಿಸಿ, ತಲೆವಸ್ತ್ರ ಬಿಗಿಯಾಗಿ ಕಟ್ಟಿಕೊಂಡು, ಶಾಮಿಯಾನದ ಅಂಚಿನಲ್ಲಿ ಹೋಗಿ ನಿಂತಳು.

ಲಾಸಿಸಿ ಮೈಕ್ ಹಿಡಿದ. "ಈ ಪೇಟೇಲಿ ಯಾರ ಯಂತ್ರ ಬೇಕಾದ್ರೂ ನಿಲ್ಲಬಹುದು. ಲಾಸಿಸಿ ಯಂತ್ರ ಮಾತ್ರ ಯಾವತ್ತೂ..."

ಟಕ್ ಟಕ್ ಎಂದು ಒಳಗೆ ಏನೋ ಬಡಿದುಕೊಂಡಿತು. ಆಮೇಲೆ ಕಬ್ಬಿಣ ಮುರಿದ ಒಂದು ಕೂಗು. ಮೈಕ್ ಸತ್ತಿತು, ಫ್ಯಾನುಗಳು ನಿಂತವು. ಆ ಮೌನದಲ್ಲಿ ಹಿಂದಿನ ಸಾಲಿನಿಂದ ಯಾರೋ, "ಯಾವತ್ತೂ ಏನು, ಅಧ್ಯಕ್ಷರೇ?" ಎಂದರು. ಇಡೀ ಶಾಮಿಯಾನ ನಕ್ಕಿತು.

ಲಾಸಿಸಿಯ ಕಣ್ಣು ಮೊರೆನಿಕೆಯ ಮೇಲೆ ಬಿತ್ತು. "ಇವಳೇ! ಟ್ಯಾಂಕಿಗೆ ಸಕ್ಕರೆ ಹಾಕಿ ಕೆಡಿಸಿದಾಳೆ! ಹಿಡೀರಿ ಅವಳನ್ನ!"

ಮುದುಕ ಮೆಕ್ಯಾನಿಕ್ ಬಾಬಾ ಕೊಲಾಪೊ ಎದ್ದು ಹೋಗಿ ಎಣ್ಣೆ ನೋಡುವ ಕಡ್ಡಿ ಹೊರಗೆಳೆದ. ಅದರ ತುದಿಯಲ್ಲಿ ಡಾಂಬರಿನಂಥ ಒಂದು ಕಲೆ ಬಿಟ್ಟರೆ ಬೇರೇನಿಲ್ಲ. "ಸಕ್ಕರೆ ಮಾತು ಆಮೇಲೆ ಮಗಾ. ಇದರಲ್ಲಿ ಎಣ್ಣೇನೇ ಇಲ್ಲವಲ್ಲೋ."

ಮೊರೆನಿಕೆ ಮುಂದೆ ಬಂದಳು. ಸೊಸೆಯಾಗಿ ಬಂದ ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಅವನನ್ನು ಬರೀ ಹೆಸರು ಹಿಡಿದು ಕರೆದಳು.

"ಲಾಸಿಸಿ, ನೂರು ಗಂಟೆಗೊಂದ್ಸಲ ಎಣ್ಣೆ ಬದ್ಲಾಯಿಸ್ತಿದ್ದ ನಿನ್ನಣ್ಣ. ನೀನು ಕೈಯಿಟ್ಟ ಮೇಲೆ ಇದು ಆರುನೂರು ದಾಟಿದೆ. ಒಂದ್ಸಲಾನೂ ನೀನು ಎಣ್ಣೆ ಬಸಿಯೋ ಬೋಲ್ಟ್ ಬಿಚ್ಚಲಿಲ್ಲ. ನಾನು ಹೇಳಿದ್ದಕ್ಕೆ ನಕ್ಕೆ. ಈಗ ನಗು, ನೋಡೋಣ."

ಅವನು ನಗಲಿಲ್ಲ. ಬಂದವರಲ್ಲಿ ಅರ್ಧ ಜನ ಅವನ ಗಿರಾಕಿಗಳು. ಉಳಿದ ಯಂತ್ರಗಳ ಕಡ್ಡಿಗಳನ್ನೂ ಎಳೆದು ನೋಡಿದರು. ಎಲ್ಲದರ ಕಥೆಯೂ ಅದೇ. ಮುಂದಿನ ಮದುವೆಗಳಿಗೆ ಮಾತು ಕೊಟ್ಟವರು ಅಲ್ಲೇ ಮಾತು ಹಿಂತೆಗೆದುಕೊಂಡರು.

ಸಂಜೆ ಅತ್ತೆ ಅವಳನ್ನು ಕರೆದು ಕೂರಿಸಿದಳು. "ಅದು ಸಾಯುತ್ತೆ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಅಮ್ಮಾ."

"ಅದು ಗನಿಯು ಕೈಯಾರೆ ನೋಡಿಕೊಂಡಿದ್ದ ಯಂತ್ರ. ಇನ್ನೊಂದ್ಸಲ ಹೇಳಬಹುದಿತ್ತಲ್ಲ?"

ಮೊರೆನಿಕೆ ಎದ್ದಳು. ತನ್ನ ಕೋಣೆಗೆ ಹೋಗಿ ಅತ್ತಳು. ಯಂತ್ರಕ್ಕಾಗಿ ಅತ್ತಳು, ಗನಿಯುವಿಗಾಗಿ ಅತ್ತಳು. ಲಾಸಿಸಿಯ ಪಾಲಿಗೆ ಒಂದು ಹನಿಯೂ ಬೀಳಲಿಲ್ಲ.

ಬಾಬಾ ಕೊಲಾಪೊ ಸುಮ್ಮನೆ ಬಿಡಲಿಲ್ಲ. "ಕೂತಲ್ಲಿಂದಲೇ ಗಂಟೆ ಎಣಿಸಿದ ಆ ಹೆಂಗಸಿನ ಕಿವಿ ನನಗೆ ಬೇಕು," ಎಂದು ಅವಳನ್ನು ತನ್ನ ಗಿರಾಕಿಗಳ ಬಳಿ ಕರೆದುಕೊಂಡು ಹೋದ. ಕ್ಷೌರದಂಗಡಿ, ದರ್ಜಿಗಳು, ಮೀನಿನ ಶೀತಪೆಟ್ಟಿಗೆಯವರು, ಎಲ್ಲರ ಜನರೇಟರಿನ ಗಂಟೆ ಲೆಕ್ಕ ಈಗ ಮೊರೆನಿಕೆಯದು. ಯಾವಾಗ ಎಣ್ಣೆ, ಯಾವಾಗ ಪ್ಲಗ್ ಎಂದು ಅವಳು ಹೇಳುತ್ತಾಳೆ, ಮುದುಕ ಮಾಡುತ್ತಾನೆ.

ಲಾಸಿಸಿ ಒಂದೊಂದೇ ಯಂತ್ರ ಮಾರಿ, ಈಗ ಅದೇ ಜಾಗದಲ್ಲಿ ನೀರಿನ ಪ್ಯಾಕೆಟ್ ಮಾರುತ್ತಾನೆ. ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟಾಗ, "ಶುಭೋದಯ ಇಯಾ ಅಶಾಬಿ, ರಾತ್ರಿ ನಿದ್ದೆ ಚೆನ್ನಾಗಿ ಬಂತಾ?" ಎಂದು ತಾನೇ ಮೊದಲು ಕೇಳುತ್ತಾನೆ. ಆ ಊರಿನಲ್ಲಿ ನಮಸ್ಕಾರಕ್ಕೆ ಉತ್ತರ ಕೊಡದಿರುವುದು ಮುಖಕ್ಕೆ ಉಗಿದಂತೆ. ಅದನ್ನು ಮೊರೆನಿಕೆಗೆ ಯಾರೂ ಕಲಿಸಬೇಕಾಗಿಲ್ಲ. ಅವಳು ಚೀಲವನ್ನು ಹೆಗಲಿಗೇರಿಸಿಕೊಂಡು, ಪಕ್ಕದ ಅಂಗಡಿಯವನನ್ನು ಹೆಸರು ಹಿಡಿದು ಕರೆದು, ಅವನ ಹೆಂಡತಿ ಮಕ್ಕಳ ಕ್ಷೇಮವನ್ನೆಲ್ಲ ನಿಧಾನವಾಗಿ, ಗಟ್ಟಿಯಾಗಿ ವಿಚಾರಿಸಿ ಮುಂದೆ ನಡೆಯುತ್ತಾಳೆ.