ಬೇಡ ಅನ್ನದವರ ರಸಾಯನಶಾಸ್ತ್ರ

ನಮ್ಮ ಮನೆಯಲ್ಲಿ ಯಾರೂ ಯಾವುದಕ್ಕೂ ಬೇಡ ಅನ್ನುವುದಿಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯವರು ಇದಕ್ಕೆ "ಫಾರ್ವರ್ಡ್ ಜನ" ಎಂದು ಹೆಸರಿಟ್ಟಿದ್ದಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಹಾಗೇ ತಿಳಿದು ಹಿಗ್ಗಿದ್ದೆ. ಬೇಡ ಅನ್ನುವವರ ಜೊತೆಯಾದರೆ ಜಗಳವಾಡಬಹುದು, ಬೇಡ ಅನ್ನದವರ ಜೊತೆ ನಡೆಯುವುದು ಬರೀ ರಸಾಯನಶಾಸ್ತ್ರ ಎಂಬುದು ತಿಳಿಯಲು ವರ್ಷಗಳೇ ಹಿಡಿದವು.

ಕಾನ್ವೆಂಟಿನಲ್ಲಿ ನಮ್ಮ ಕೆಮಿಸ್ಟ್ರಿ ಸಿಸ್ಟರ್ ಒಮ್ಮೆ ಕೋಬಾಲ್ಟ್ ಉಪ್ಪಿನ ಗುಲಾಬಿ ದ್ರಾವಣವನ್ನು ಬಿಸಿನೀರಿಗಿಳಿಸಿ ನೀಲಿ ಮಾಡಿ ತೋರಿಸಿದ್ದರು. ತಣ್ಣೀರಿಗಿಳಿಸಿದರೆ ಮತ್ತೆ ಗುಲಾಬಿ. ಆಮೇಲೆ ಫ್ರಾನ್ಸಿನ ಪಂಡಿತನೊಬ್ಬನ ನಿಯಮ ಬರೆಸಿದರು. ಸಮತೋಲನದಲ್ಲಿರುವ ವ್ಯವಸ್ಥೆಯನ್ನು ನೀವು ಅಲುಗಿಸಿದರೆ, ಆ ಅಲುಗಾಟವನ್ನು ತಗ್ಗಿಸುವ ಕಡೆಗೇ ಅದು ಸರಿಯುತ್ತದೆ. ಕಾಯಿಸಿದರೆ ಕಾವನ್ನು ನುಂಗುವ ಕಡೆಗೆ, ಏನನ್ನಾದರೂ ಹೆಚ್ಚಿಗೆ ಸುರಿದರೆ ಅದನ್ನು ಖರ್ಚು ಮಾಡುವ ಕಡೆಗೆ. ಪಾಪ, ಇದನ್ನು ಕಂಡುಹಿಡಿಯಲು ಆತ ಎಷ್ಟು ಒಲೆ ಕಾಯಿಸಿದನೋ, ಎಷ್ಟು ಗಾಜು ಒಡೆದನೋ. ನಮ್ಮಂಥ ಕೂಡುಕುಟುಂಬಕ್ಕೆ ಸೊಸೆಯಾಗಿ ಬಂದಿದ್ದರೆ ಒಂದು ಶ್ರಾವಣ ಕಳೆಯುವುದರೊಳಗೆ ಗೊತ್ತಾಗುತ್ತಿತ್ತು.

ಒತ್ತಡ ಹೆಚ್ಚಿಸಿದರೆ ಅನಿಲಗಳು ಕಡಿಮೆ ಜಾಗ ಹಿಡಿಯುವ ಕಡೆಗೆ ವಾಲುತ್ತವಂತೆ. ಹಬ್ಬಕ್ಕೆ ನೆಂಟರು ತುಂಬಿದ ರಾತ್ರಿ ನಮ್ಮ ಮನೆಯಲ್ಲಿ ಆ ಕಡೆ ಯಾವುದೆಂದು ನೋಡಬೇಕು. ಗಂಡಸರು ಹಜಾರದಲ್ಲಿ ಕಾಲು ಚಾಚಿ ಮಲಗಿರುತ್ತಾರೆ. ಹೆಂಗಸರೆಲ್ಲ ಅಡುಗೆಮನೆಯ ಗ್ರೈಂಡರ್ ಪಕ್ಕದಲ್ಲಿ, ಮಗ್ಗುಲು ಬದಲಿಸಬೇಕಾದರೆ ಎಲ್ಲರೂ ಒಟ್ಟಿಗೆ ಬದಲಿಸಬೇಕು.

ಸಮತೋಲನವೆಂದರೆ ಸುಮ್ಮನೆ ನಿಂತಿರುವುದಲ್ಲ ಎಂದೂ ಸಿಸ್ಟರ್ ಹೇಳಿದ್ದರು. ಒಳಗೆ ಎರಡೂ ದಿಕ್ಕಿನ ಕ್ರಿಯೆ ಒಂದೇ ವೇಗದಲ್ಲಿ ನಡೆಯುತ್ತಿರುತ್ತದೆ, ಹೊರಗಿನವರ ಕಣ್ಣಿಗೆ ಎಲ್ಲ ಶಾಂತ. ನಮ್ಮದು ನೇಕಾರರ ಮನೆ. ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್ ಓಡುತ್ತವೆ. ಅಡ್ಡ ಹೊಕ್ಕಿನ ನೂಲನ್ನು ಪುಟ್ಟ ಕಂಡಿಕೆಗಳಿಗೆ ಸುತ್ತಿ ಬುಟ್ಟಿ ತುಂಬಿಸುವುದು ಹೆಂಗಸರ ಕೆಲಸ. ಕಂಡಿಕೆ ಲಾಳಿಯೊಳಗೆ ಕೂರಬೇಕು, ಅದಿಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. ಮಾವ ಬುಟ್ಟಿಯಿಂದ ತೆಗೆಯುತ್ತಲೇ ಇರುತ್ತಾರೆ, ನಾವು ಹಾಕುತ್ತಲೇ ಇರುತ್ತೇವೆ. ಬಂದವರು ಬುಟ್ಟಿ ನೋಡಿ, "ಯಾವಾಗ್ಲೂ ತುಂಬಿರುತ್ತೆ, ಲಕ್ಷ್ಮಿ ಕಳೆ" ಅನ್ನುತ್ತಾರೆ. ಲಕ್ಷ್ಮಿಯ ಬೆನ್ನುನೋವನ್ನು ಈತನಕ ಯಾರೂ ವಿಚಾರಿಸಿಲ್ಲ.

ಹೋದ ವರ್ಷ ನನ್ನ ಓರಗಿತ್ತಿ ವನಜಾಗೆ ಬಾಶೆಟ್ಟಿಹಳ್ಳಿಯ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬಿ.ಎಸ್ಸಿ. ಸರ್ಟಿಫಿಕೇಟನ್ನು ಬೀರುವಿನಲ್ಲಿ, ಮದುವೆ ಸೀರೆಯ ಮಡಿಕೆಯಲ್ಲಿ ನುಸಿಗುಳಿಗೆಯ ಜೊತೆ ಕಾಪಾಡಿಕೊಂಡು ಬಂದವಳು ಅವಳು. ಕೆಲವು ತಿಂಗಳು ನೋಡಿ ಕಾಯಂ ಮಾಡುತ್ತೇವೆ, ಪದೇ ಪದೇ ರಜ ಹಾಕಿದರೆ ಮಾತ್ರ ಇಲ್ಲ ಎಂದು ಮೊದಲೇ ಹೇಳಿದ್ದರು.

"ಹೋಗಮ್ಮ, ಬ್ಯಾಡ ಅಂದೋರ್ಯಾರು? ಕಾಲ ಬದಲಾಗೈತೆ," ಅಂದರು ಅತ್ತೆ.

"ಓದಿರೋಳು, ಹೋಗ್ಲಿ ಬಿಡು," ಅಂದರು ಮಾವ, ಉಪ್ಪಿಟ್ಟಿನ ತಟ್ಟೆಯಿಂದ ತಲೆಯೆತ್ತದೆ.

ಮರುವಾರದಿಂದ ಆ ಉಪ್ಪಿಟ್ಟು ಅವರ ಗಂಟಲಲ್ಲಿ ಇಳಿಯಲಿಲ್ಲ. ಬೆಳಗಿಗೆ ಬಿಸಿ ಅಕ್ಕಿರೊಟ್ಟಿಯೇ ಬೇಕಾಯಿತು, ಅದೂ ಒಂದೊಂದಾಗಿ ಹೆಂಚಿನಿಂದ ನೇರ ತಟ್ಟೆಗೆ. ಯುಗಾದಿಯಿಂದ ತೆಪ್ಪಗಿದ್ದ ಅತ್ತೆಯ ಮಂಡಿನೋವು ಕಂಪನಿ ಬಸ್ಸಿನ ಹಾರನ್ ಕೇಳಿದರೆ ಏಳುತ್ತಿತ್ತು. ವನಜಾ ಆಗಾಗ ರಜ ಹಾಕತೊಡಗಿದಳು. ಯಾರ ಬಾಯಿಗೂ ಬೀಳಬಾರದೆಂದು ಭಾನುವಾರಗಳಲ್ಲಿ ಊಟ ಬಿಟ್ಟು ಕೂತು ವಾರಕ್ಕಾಗುವಷ್ಟು ಕಂಡಿಕೆ ಸುತ್ತಿದಳು. ನೇಕಾರರ ಮನೆಯ ಸೊಸೆ ಮಾತ್ರ ಮಾಡಬಹುದಾದ ತಪ್ಪು ಇದು. ತುಂಬಿ ತುಳುಕುವ ಬುಟ್ಟಿ ನೋಡಿದ ಮಾವ ಎರಡೇ ವಾರದಲ್ಲಿ ಮೂರನೆಯ ಮಗ್ಗ ತಂದು ಕೂರಿಸಿದರು. ಹೆಚ್ಚಿಗೆ ಸುರಿದದ್ದನ್ನು ಖರ್ಚು ಮಾಡುವ ಕಡೆಗೇ ಸರಿಯುತ್ತದೆ ಎಂದು ಸಿಸ್ಟರ್ ಬರೆಸಿದ್ದು ಸುಳ್ಳಲ್ಲ.

ವಿಷಯ ತಿಳಿದು ಅತ್ತೆಯ ತಮ್ಮ ಹೊಸಕೋಟೆಯಿಂದ ಬಂದರು. ನಮ್ಮ ಮನೆಯಲ್ಲಿ ಏನೇ ಆದರೂ ಇವರು ಬರಲೇಬೇಕು.

"ನೋಡಮ್ಮಣ್ಣಿ, ಕೆಲ್ಸ ಬಿಡು ಅಂತ ನಾವ್ಯಾರೂ ಹೇಳಲ್ಲ. ಎಲ್ಲಾನೂ ಅಡ್ಜಸ್ಟ್ ಮಾಡ್ಕೊಂಡು ಹೋಗು, ಅಷ್ಟೇಯ," ಅಂದರು ವನಜಾಗೆ.

"ಯಾರು ಮಾಡ್ಕೋಬೇಕು?" ಎಂದು ನಾನು ಕೇಳಿದೆ.

"ಎಲ್ರೂನೂವೆ," ಅಂದವರು ಕೇಸರಿಬಾತಿನ ಕಡೆ ಕೈಚಾಚಿದರು.

ಕ್ರಿಯೆ ನಡೆಯುವ ಕಡೆಯೆಲ್ಲ ಹಾಜರಿದ್ದು, ಬಿರುಸು ಹೆಚ್ಚಿಸಿ, ಸಮತೋಲನವನ್ನು ಕೂದಲೆಳೆಯಷ್ಟೂ ಸರಿಸದೆ, ತಾನೂ ಎಳ್ಳಷ್ಟು ಬದಲಾಗದೆ ಎದ್ದುಬರುವ ವಸ್ತುವಿಗೆ ಕೆಮಿಸ್ಟ್ರಿಯಲ್ಲಿ ವೇಗವರ್ಧಕ ಅನ್ನುತ್ತಾರೆ. ಅದು ಕೇಸರಿಬಾತು ತಿನ್ನುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಅವರು ಹೋದ ಮೇಲಿನ ಸೋಮವಾರ ಅತ್ತೆ ಶುರುಮಾಡಿದರು. "ವನಜಾ, ಇವತ್ತೊಂದಿನ ರಜ ಹಾಕ್ಬಿಡಮ್ಮ. ಮೂರು ಮಗ್ಗಕ್ಕೆ ಕಂಡಿಕೆ ಸಾಲ್ತಿಲ್ಲ."

ವನಜಾ ಅಡುಗೆಮನೆಗೆ ಬಂದು ಡಬ್ಬಿಯ ಮುಚ್ಚಳ ತೆಗೆಯುತ್ತ, ಹಾಕುತ್ತ ನಿಂತಳು. "ಅಕ್ಕ, ಇನ್ನೊಂದು ರಜ ಹಾಕಿದ್ರೆ ಬರಲೇಬೇಡಿ ಅಂದವ್ರೆ. ಇವತ್ತು ಹೋಗ್ಲಿಲ್ಲ ಅಂದ್ರೆ ಮುಗೀತು."

"ನೀನು ಸುತ್ತಿದಷ್ಟೂ ಮಗ್ಗ ಬರ್ತಾನೇ ಇರ್ತವೆ ಕಣೆ. ಹೋಗಿ ಬಸ್ ಹಿಡಿ," ಅಂದೆ.

ಅವಳು ಗೇಟು ದಾಟಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು. ನಾನು ಕಾನ್ವೆಂಟಿನಲ್ಲಿ ಕಲಿಸಿದ ಮೆಲುದನಿಯಲ್ಲೇ ಹೇಳಿದೆ. "ಅತ್ತೆ, ಇವತ್ತು ನಾನೂ ಕಂಡಿಕೆ ಮಿಷಿನ್ ಹತ್ರ ಕೂರಲ್ಲ."

"ಯಾಕಮ್ಮ, ಹುಷಾರಿಲ್ವಾ?"

"ಹುಷಾರಾಗಿದೀನಿ."

ಅತ್ತೆ ಇದಕ್ಕೆ ಸಿದ್ಧರಿರಲಿಲ್ಲ. ಕಾಯಿಲೆಗಾದರೆ ಕಷಾಯವಿತ್ತು.

ಮಧ್ಯಾಹ್ನದ ಹೊತ್ತಿಗೆ ಮಗ್ಗಗಳು ಒಂದರ ಹಿಂದೊಂದು ನಿಂತವು. ಆ ಸದ್ದಿನ ಅಡಿಯಲ್ಲಿ ಗೋಡೆ ಗಡಿಯಾರವೊಂದು ನಡೆಯುತ್ತಿತ್ತೆಂದು ನನಗೆ ಅಂದೇ ಗೊತ್ತಾದದ್ದು. ಮಾವ ಬುಟ್ಟಿಯ ತಳ ನೋಡಿದರು, ನನ್ನನ್ನು ನೋಡಿದರು. ಗಂಡನೂ ಮೈದುನನೂ ಬೆಂಗಳೂರಿನ ಚಿಕ್ಕಪೇಟೆಗೆ ಸೀರೆ ಕೊಟ್ಟುಬರಲು ಹೋಗಿದ್ದರು. ಅಂಥ ಹೊತ್ತಿನಲ್ಲಿ ಅವರು ಯಾವತ್ತೂ ಚಿಕ್ಕಪೇಟೆಯಲ್ಲೇ ಇರುತ್ತಾರೆ. ಕೊನೆಗೆ ಮಾವ ಪಂಚೆ ಎತ್ತಿಕಟ್ಟಿ ತಾವೇ ಕಂಡಿಕೆ ಮಿಷಿನ್ ಮುಂದೆ ಕೂತರು. ಚೆನ್ನಾಗಿಯೇ ಸುತ್ತಿದರು. ಇಷ್ಟು ವರ್ಷ ಬಚ್ಚಿಟ್ಟ ವಿದ್ಯೆ.

ಈಗ ಮೂರನೆಯ ಮಗ್ಗದ ಮೇಲೆ ಹಳೆಯ ಬೆಡ್‌ಶೀಟ್ ಹೊದೆಸಿದೆ. ವನಜಾಳ ಕೆಲಸ ಕಾಯಂ ಆಗಿದೆ. ಹಾಗೆಂದು ವ್ಯವಸ್ಥೆ ಸೋತಿತು ಅಂದುಕೊಳ್ಳಬೇಡಿ. ಕಂಡಿಕೆ ಸುತ್ತಲು ಕೂತ ಮಾವನಿಗೆ ಗಂಟೆಗೊಮ್ಮೆ ಟೀ ಬೇಕು, ಜೊತೆಗೆ ಕೋಡುಬಳೆ ಬೇಕು, ಎಂಥ ದೊಡ್ಡ ಮನಸ್ಸು ಎಂದು ಅತ್ತೆ ಬೀದಿಗೆಲ್ಲ ಹೇಳಬೇಕು. ಬಿಟ್ಟುಕೊಟ್ಟದ್ದರಲ್ಲಿ ಅರ್ಧವನ್ನು ವ್ಯವಸ್ಥೆ ಹೀಗೆ ವಾಪಸ್ ಪಡೆಯಿತು. ಆದರೆ ಆ ಪಂಡಿತನ ನಿಯಮವನ್ನು ಸರಿಯಾಗಿ ಓದಿದರೆ, ವ್ಯವಸ್ಥೆ ಅಲುಗಾಟವನ್ನು ತಗ್ಗಿಸುತ್ತದೆಯೇ ಹೊರತು ಅಳಿಸಿಹಾಕಲಾರದು. ಇದ್ದ ಜಾಗಕ್ಕೆ ಅದು ಪೂರ್ತಿ ಮರಳುವುದಿಲ್ಲ. ಹಾಗಾದರೆ ಮಾಡಬೇಕಾದದ್ದು ಸುಲಭ. ಎಷ್ಟು ಸರಿಯಬೇಕೋ ಅದಕ್ಕಿಂತ ಜಾಸ್ತಿ ತಳ್ಳಬೇಕು.

ಮೊನ್ನೆ ಊಟದ ಹೊತ್ತಿನಲ್ಲಿ, ನಾನೂ ವನಜಾ ಜೊತೆ ಅದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗಬೇಕೆಂದಿದ್ದೇನೆ ಎಂದೆ. ಮಾವನ ಕೈಯ ಮುದ್ದೆ ಸಾರಿನಲ್ಲೇ ಉಳಿಯಿತು. "ಹೋಗಮ್ಮ," ಅಂದರು ಅತ್ತೆ. ಆಮೇಲೆ, "ನಿಂಗೂ ದಣಿವಾಗಿರತ್ತೆ. ಮಧ್ಯಾಹ್ನ ಊಟ ಆದ್ಮೇಲೆ ಒಂದಿಷ್ಟು ಮಲಕ್ಕೋಬಾರದಾ?" ಎಂದು ಸೇರಿಸಿದರು.

ಒಂದೆರಡು ದಿನ ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದೇನೆ. ಬಸ್ಸಲ್ಲ, ನನಗೆ ಮೊದಲಿನಿಂದಲೂ ಬೇಕಾಗಿದ್ದದ್ದು ಆ ನಿದ್ದೆಯೇ.