ಇಪ್ಪತ್ತೆರಡು ಪಾದಗಳ ಲೆಕ್ಕ

ಗಣಿತವನ್ನು ಕರಿಹಲಗೆಯ ಮೇಲೆ ಕಲಿಸುವವರು ಬಹಳ ಮಂದಿ ಇದ್ದಾರೆ, ಓಟವನ್ನು ಮೈದಾನದಲ್ಲಿ ಕಲಿಸುವವರೂ ಇದ್ದಾರೆ; ಆದರೆ ಇವೆರಡೂ ಒಂದೇ ವಿದ್ಯೆಯೆಂದು ನಂಬಿ, ಆ ನಂಬಿಕೆಯನ್ನು ಒಂದೇ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಬಿಡದೆ ನಡೆಸಿಕೊಂಡು ಬಂದವರು ಹೆಜ್ಜೆ ಮೇಷ್ಟ್ರು. ಆ ಹೆಸರಿಟ್ಟವರು ವಿದ್ಯಾರ್ಥಿಗಳು. ಕೋಣೆಯ ಉದ್ದವಿರಲಿ, ಮರದ ನೆರಳಿರಲಿ, ಮೇಷ್ಟ್ರು ಟೇಪು ಹುಡುಕಿದವರಲ್ಲ. ಚಪ್ಪಲಿ ಕಳಚಿಟ್ಟು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ, ಪಾದದ ಮುಂದೆ ಪಾದವಿಟ್ಟು ಅಳೆದುಬಿಡುತ್ತಿದ್ದರು. ‘ಟೇಪು ಊರಿಂದು, ಪಾದ ನಿಂದು’ ಎನ್ನುವುದು ಅವರ ಮಾತು.

ಇಂಥವರ ನಿವೃತ್ತಿಯ ಸಂದರ್ಭದಲ್ಲಿ ಹೊರಬರುತ್ತಿರುವ ಈ ಅಭಿನಂದನಾ ಸಂಪುಟಕ್ಕೆ ಪಂಡಿತರೂ ಅಧಿಕಾರಿಗಳೂ ಬರೆದಿರುವಾಗ, ಹತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟ ವೆಲ್ಡರನೊಬ್ಬನ ಬರಹವೇಕೆ ಎಂದು ಓದುಗರು ಕೇಳಬಹುದು. ಅವನೂ ಅದನ್ನೇ ಕೇಳಿದ. ಮುಖ್ಯೋಪಾಧ್ಯಾಯಿನಿಯವರು ವರ್ಕ್‌ಶಾಪಿಗೇ ಬಂದು, “ಒಳ್ಳೇದು ನಾಲ್ಕು ಮಾತು ಬರಿ, ಸಾಕು” ಎಂದಾಗ, “ಬರೀ ಒಳ್ಳೇದೇ ಇದ್ದಿದ್ರೆ ಬರೆಯೋದು ಸುಲಭ ಇತ್ತು ಮೇಡಂ” ಎಂದ. ಈ ಲೇಖನದಲ್ಲಿ ‘ಅವನು’ ಎಂದಿರುವುದು ಬರೆದವನನ್ನೇ ಕುರಿತದ್ದು. ಅಭಿನಂದನೆಯ ಸಭೆಯಲ್ಲಿ ‘ನಾನು’ ಎಂಬುದು ಮುಂದಿನ ಸಾಲಿನಲ್ಲಿ ಹೋಗಿ ಕೂರುವುದು ಸರಿಯಲ್ಲ.

ಎಂಟನೆಯ ತರಗತಿಗೆ ಸೇರಿದಾಗ ಅವನಿಗೆ ಲೆಕ್ಕವೆಂದರೆ ಕಬ್ಬಿಣದ ಕಡಲೆ, ಓಟವೆಂದರೆ ನೀರು ಕುಡಿದಷ್ಟು ಸಲೀಸು. ವೃತ್ತದ ಸುತ್ತಳತೆ ಮೂರು ದಿನವಾದರೂ ತಲೆಗೆ ಹತ್ತದಿದ್ದಾಗ ಮೇಷ್ಟ್ರು ಇಡೀ ತರಗತಿಯನ್ನು ಮೈದಾನಕ್ಕೆ ಎಬ್ಬಿಸಿಕೊಂಡು ಹೋದರು. “ಹೊರಗಿನ ಸಾಲಲ್ಲಿ ಓಡೋನನ್ನ ಮುಂದೆ ನಿಲ್ಲಿಸ್ತಾರಲ್ಲ, ಯಾಕೆ?” ಎಂದು ಅವನನ್ನೇ ಕೇಳಿದರು. “ಅವನಿಗೆ ಪರಿಚಯದೋರು ಇರ್ತಾರೆ ಸಾರ್” ಎಂದ. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ಒಳಸುತ್ತನ್ನೂ ಹೊರಸುತ್ತನ್ನೂ ಅವನ ಪಾದದಿಂದಲೇ ಅಳೆಸಿದರು. ಸುತ್ತಳತೆ ಅವನ ತಲೆಗೆ ಹತ್ತಿದ್ದು ಕಾಲಿನಿಂದ.

ಅವನನ್ನು ರಿಲೇ ತಂಡದ ಕಡೆಯ ಓಟಗಾರನನ್ನಾಗಿ ಮಾಡಿದವರೂ ಅವರೇ. ನಾಲ್ವರು ನೂರು ನೂರು ಮೀಟರು ಓಡಿ ಕೈಯಿಂದ ಕೈಗೆ ಕೋಲು ದಾಟಿಸುವ ಆ ಓಟದಲ್ಲಿ, ಕೋಲು ಕೈ ಬದಲಾಗುವುದು ಎರಡು ಗೆರೆಗಳ ನಡುವೆಯೇ ಆಗಬೇಕು. ಕಾಯುತ್ತಿರುವವನು ತನ್ನ ಹಿಂದೆ ಒಂದು ಗುರುತು ಹಾಕಿರುತ್ತಾನೆ. ಬರುವವನು ಆ ಗುರುತು ಮುಟ್ಟಿದ ಕ್ಷಣ ಇವನು ಕಾಲು ಕೀಳಬೇಕು. ಆಮೇಲೆ ಹಿಂದೆ ನೋಡುವಂತಿಲ್ಲ, ನೆಲ ನೋಡುವಂತಿಲ್ಲ. ಕೈ ಹಿಂದೆ ಚಾಚಿ ಓಡಬೇಕು. ಅವನ ಗುರುತು ಇಪ್ಪತ್ತೆರಡು ಪಾದ. ಬರಿಗಾಲಿನಲ್ಲಿ ಅಳೆಯುವುದು ಮೇಷ್ಟ್ರ ಕಟ್ಟಪ್ಪಣೆ.

ಹತ್ತನೆಯ ತರಗತಿಯಲ್ಲಿದ್ದಾಗ, ಜಿಲ್ಲಾ ಕ್ರೀಡಾಕೂಟದ ಬೆಳಿಗ್ಗೆ ಮೇಷ್ಟ್ರು ಬೆಂಚಿನ ಮೇಲೆ ಒಂದು ಜೊತೆ ಹೊಸ ಬೂಟು ಇಟ್ಟು, “ನಂಗೆ ಅಂತ ತಗೊಂಡೆ, ಬಿಗಿ ಆಯ್ತು. ಹಾಕ್ಕೋ” ಎಂದರು. ಮೇಷ್ಟ್ರ ಪಾದ ಅವನ ಪಾದಕ್ಕಿಂತ ಎರಡು ಬೆರಳು ದೊಡ್ಡದು. ಬೂಟು ಅವನ ಅಳತೆಯದು; ಆ ಸುಳ್ಳು ಎಂಥವನಿಗೂ ತಿಳಿಯುವಂಥದ್ದು. ಹೆಬ್ಬೆರಳು ಹೊರಗಿಣುಕುವ ಹಳೆಯ ಬೂಟನ್ನು ಮೂಲೆಗೆಸೆದು ಹೊಸದನ್ನು ಹಾಕಿಕೊಂಡವನಿಗೆ, ಗುರುತು ಅಳೆಯುವಾಗಲೂ ಅದನ್ನು ಕಳಚುವ ಮನಸ್ಸು ಬರಲಿಲ್ಲ. ಬೂಟಿನಲ್ಲೇ ಇಪ್ಪತ್ತೆರಡು ಎಣಿಸಿದ.

ಓಡಿದರು, ಗೆದ್ದರು. ಗೆರೆಯ ಬಳಿ ನಿಂತ ತೀರ್ಪುಗಾರ ತಪ್ಪಿಲ್ಲವೆಂದು ಬಿಳಿ ಬಾವುಟ ಎತ್ತಿದ. ಅವನಿಗೆ ಕೋಲು ಕೊಟ್ಟ ಬೇಕರಿಯವರ ಮಗ ಬೆನ್ನ ಮೇಲೇರಿ ಕುಳಿತ. ಮೊದಲ ಸ್ಥಾನ ಬಂದರೆ ಕ್ರೀಡಾ ಹಾಸ್ಟೆಲಿನಲ್ಲಿ ಅವನಿಗೊಂದು ಸೀಟು ಎಂದು ಮಾತಾಗಿತ್ತು. ಓದು, ಊಟ, ಓಟ ಮೂರೂ ಅಲ್ಲೇ. ಅಷ್ಟರಲ್ಲಿ ಮೇಷ್ಟ್ರು ಯಾರೂ ಕರೆಯದಿದ್ದರೂ ತೀರ್ಪುಗಾರರ ಮೇಜಿನತ್ತ ನಡೆದುಹೋಗಿ, “ನಮ್ಮ ಕೊನೇ ಬದಲಾವಣೆ ಗೆರೆಯಾಚೆ ಆಗಿದೆ” ಎಂದು ಹೇಳಿ ಬಂದರು. ತಂಡ ಅನರ್ಹವಾಯಿತು.

“ಬಾವುಟ ಬಿಳಿ ಇತ್ತು ಸಾರ್” ಎಂದ ಅವನು.

“ಇತ್ತು.”

“ಮತ್ತೆ ನಿಮಗೇನು ಬಂದಿತ್ತು?”

ಮೇಷ್ಟ್ರು ಕೋಲುಗಳನ್ನು ಚೀಲಕ್ಕೆ ತುಂಬಿದರು. ಸೋಮವಾರದಿಂದ ಅವನು ಶಾಲೆಗೆ ಹೋಗಲಿಲ್ಲ. ನಾಲ್ಕು ಸಂಜೆ ಮೇಷ್ಟ್ರು ಮನೆಗೆ ಬಂದರು. ನಾಲ್ಕು ಸಂಜೆಯೂ ಅವನು ಹಿಂದಿನ ಗೋಡೆ ಹಾರಿದ. “ಹಾರಿ ಹೋದ ಮೇಷ್ಟ್ರೇ. ನೀವೇ ಕಲಿಸಿದ್ದಲ್ವಾ, ನಮ್ಮ ಕೈಗೆಲ್ಲಿ ಸಿಗ್ತಾನೆ” ಎಂದಳಂತೆ ಅಮ್ಮ.

ಸೋದರಮಾವನ ವೆಲ್ಡಿಂಗ್ ವರ್ಕ್‌ಶಾಪಿಗೆ ಸೇರಿದ ಮೇಲೆ ಮೇಷ್ಟ್ರು ಅಲ್ಲಿಗೂ ಬಂದರು, ಆದರೆ ಶಾಲೆಯ ಮಾತೆತ್ತಲಿಲ್ಲ. ಓಡುತ್ತ ಹಾರಿ ದಾಟುವ ಕಬ್ಬಿಣದ ಹರ್ಡಲೊಂದು ಮುರಿದದ್ದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದು, “ಹುಡುಗರು ಒದ್ದು ಮುರಿದ್ರು” ಎನ್ನುತ್ತಿದ್ದರು. ಶಾಲೆಯ ಎದುರಿಗೇ ವೆಲ್ಡಿಂಗ್ ಅಂಗಡಿಯಿತ್ತು. ಇವರು ಊರು ದಾಟಿ ಇಲ್ಲಿಗೇ ಬರುತ್ತಿದ್ದರು, ವರ್ಷಕ್ಕೆ ಎರಡು ಮೂರು ಸಲ. ಕಾಲು ತಗುಲಿ ಮುರಿದ ಕೊಳವೆ ಬಾಗಿರುತ್ತದೆ, ಬಾಯಿ ಹರಿದಿರುತ್ತದೆ. ಇವರು ತಂದದ್ದರ ಬಾಯಿ ನೇರ, ಅಂಚಿನಲ್ಲಿ ಗರಗಸದ ಹಲ್ಲಿನ ಗೀರು. ಮಾವ ಅದನ್ನು ಬೆಳಕಿಗೆ ಹಿಡಿದು, “ನಿಮ್ಮ ಹುಡುಗ್ರು ಗರಗಸ ಕಟ್ಕೊಂಡು ಓಡ್ತಾರಾ ಮೇಷ್ಟ್ರೇ?” ಎಂದ. ಮೇಷ್ಟ್ರು ಗಂಭೀರವಾಗಿ, “ಈಗಿನ ಹುಡುಗ್ರು, ಹೇಳೋಕಾಗಲ್ಲ” ಎಂದರು. ಅವನು ಬೆಸುಗೆ ಹಾಕಿಕೊಟ್ಟ. ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಒಂಬತ್ತು ವರ್ಷ ಹೀಗೇ ಹೋಯಿತು.

ಈ ಲೇಖನ ಬರೆಯಲು ಒಪ್ಪಿದ ಮೇಲೆ ಅವನಿಗೆ ಒಂದೇ ಒಂದು ಬೇಕಾಗಿತ್ತು: ಅಂದು ಮಾಡಿದ್ದು ಸರಿಯೋ ತಪ್ಪೋ ಎಂದು ಮೇಷ್ಟ್ರ ಬಾಯಿಂದಲೇ ಕೇಳಬೇಕು. ಸರಿಯೆಂದರೆ ಎದುರಿಗೇ ಬೈಯಬಹುದು, ತಪ್ಪೆಂದರೆ ಕ್ಷಮಿಸಬಹುದು; ಎರಡರಲ್ಲಿ ಒಂದಾದರೂ ಆಗದೆ ಹೊಗಳಿಕೆ ಬರೆಯಲು ಪೆನ್ನು ಏಳುತ್ತಿರಲಿಲ್ಲ. ಕಳೆದ ತಿಂಗಳು ಶಾಲೆಯ ಕ್ರೀಡಾ ಕೊಠಡಿಗೆ ಹೋದ. ಮೇಷ್ಟ್ರು ನೆಲದ ಮೇಲೆ ಕುಳಿತು ಹಳೆಯ ಚೆಂಡುಗಳಿಗೆ ಗಾಳಿ ಹೊಡೆಯುತ್ತಿದ್ದರು. ಅವನು ಕೂರಲಿಲ್ಲ.

“ಆವತ್ತು ಯಾಕೆ ಹೇಳಿದ್ರಿ ಸಾರ್?”

ಮೇಷ್ಟ್ರು ಪಂಪು ಕೆಳಗಿಟ್ಟರು. “ನಿನ್ನ ಗುರುತು ನೋಡಿದ್ದೆ ಕಣೋ, ಓಟಕ್ಕೆ ಮುಂಚೇನೇ. ನೀನು ಬೂಟಲ್ಲಿ ಅಳೆದಿದ್ದೆ. ಪಾದಕ್ಕೆ ಒಂದು ಬೆರಳು ಹೆಚ್ಚು, ಇಪ್ಪತ್ತೆರಡು ಪಾದಕ್ಕೆ ಇಪ್ಪತ್ತೆರಡು ಬೆರಳು. ನೀನು ಅಷ್ಟು ಬೇಗ ಕಾಲು ಕೀಳ್ತೀಯ, ಅವನಿಗೆ ನೀನು ಸಿಗೋದು ಗೆರೆ ದಾಟಿದ್ಮೇಲೆ.”

“ಗೊತ್ತಿದ್ದೂ ಸುಮ್ನಿದ್ರಾ?”

“ನಾನು ನಿಂತಲ್ಲಿಂದ ಕೂಗೋಣ ಅಂದ್ರೆ ಓಟ ಬಿಡೋಕೆ ಪಿಸ್ತೂಲ್ ಎತ್ತಿಬಿಟ್ಟಿದ್ರು. ಬೂಟು ಕೊಟ್ಟಿದ್ದು ನಾನು. ಕಳಚಿ ಅಳೆ ಅಂತ ಹೇಳೋಕೆ ಮರೆತಿದ್ದೂ ನಾನೇ.”

“ಅಂದ್ರೆ ಕೋಲು ಗೆರೆಯಾಚೆ ಹೋಗಿದ್ದು ನೀವು ನೋಡಿದ್ರಿ.”

ಮೇಷ್ಟ್ರು ಚೆಂಡೊಂದನ್ನು ಒತ್ತಿ ನೋಡಿ ಪಕ್ಕಕ್ಕಿಟ್ಟರು. “ನೋಡ್ದೆ ಅಂತಲೇ ಹೇಳಿದೆ. ಆವತ್ತು ಅನುಮಾನಾನೇ ಇರಲಿಲ್ಲ. ಆಮೇಲಾಮೇಲೆ ಶುರುವಾಯ್ತು. ಲೆಕ್ಕ ಆಚೆ ಅಂದಿತ್ತು, ಅದಕ್ಕೇ ಕಣ್ಣಿಗೂ ಆಚೆ ಕಾಣಿಸ್ತೋ ಏನೋ. ಬೇಕರಿ ಹುಡುಗ ಆವತ್ತು ಎಂದಿಗಿಂತ ಜೋರಾಗಿ ಓಡಿದ, ಗೆರೆಯೊಳಗೇ ನಿನ್ನ ಹಿಡಿದ್ನೋ ಏನೋ, ಅದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಪ್ರತಿ ಸಲ ನಿನ್ನ ಅಂಗಡಿಗೆ ಇದನ್ನ ಕೇಳೋಕೇ ಬರ್ತಿದ್ದೆ, ಬಾಯಿ ಬರ್ತಿರಲಿಲ್ಲ. ನೀನೇ ಹೇಳು, ಕೋಲು ಕೈಗೆ ಬಿದ್ದಾಗ ಗೆರೆ ಎಲ್ಲಿತ್ತು?”

ಒಂಬತ್ತು ವರ್ಷ ಅವನು ಕಂಡಕಂಡವರಿಗೆ ‘ಗೆರೆಯೊಳಗೇ ಇತ್ತು’ ಎಂದು ಎದೆ ತಟ್ಟಿ ಹೇಳಿದ್ದ. ಈಗ ನೆನಪನ್ನು ಕೆದಕಿ ನೋಡಿದ. ಅವನು ಗೆರೆಯನ್ನು ನೋಡಿರಲೇ ಇಲ್ಲ. ಅಂಗೈಗೆ ಕೋಲು ಬಿದ್ದ ಪೆಟ್ಟೊಂದು ನೆನಪಿತ್ತು. ಉಳಿದದ್ದೆಲ್ಲ ಬಿಳಿ ಬಾವುಟದ ಮೇಲಿನ ನಂಬಿಕೆ.

“ಗೊತ್ತಿಲ್ಲ ಸಾರ್” ಎಂದ.

“ನಂಗೂ” ಎಂದರು ಮೇಷ್ಟ್ರು. ಅವನು ಕುಳಿತ. ಉಳಿದ ಚೆಂಡುಗಳಿಗೆ ಇಬ್ಬರೂ ಸೇರಿ ಗಾಳಿ ಹೊಡೆದರು.

ಇದನ್ನು ಅಭಿನಂದನೆ ಎನ್ನಬಹುದೋ ಇಲ್ಲವೋ ಸಂಪಾದಕರೇ ತೀರ್ಮಾನಿಸಬೇಕು. ಗೆದ್ದ ಓಟವನ್ನು ತಾವಾಗಿ ಕೈಬಿಟ್ಟ ಗುರುಗಳೆಂದು ಅವರನ್ನು ಕೊಂಡಾಡೋಣವೆಂದರೆ ಗೆದ್ದೆವೋ ಇಲ್ಲವೋ ಗೊತ್ತಿಲ್ಲ; ಒಬ್ಬ ಹುಡುಗನ ಓದು ಕಳೆದವರೆಂದು ದೂರೋಣವೆಂದರೆ ಆ ಗೋಡೆ ಹಾರಿದ ಕಾಲು ಅವರದಲ್ಲ. ಸಿಟ್ಟು ಇನ್ನೂ ಇದೆ, ಯಾರ ಮೇಲೆಂದು ಮಾತ್ರ ತಿಳಿಯದಾಗಿದೆ. ಆದ್ದರಿಂದ ಪೂಜ್ಯ ಮೇಷ್ಟ್ರು ಆರೋಗ್ಯವಾಗಿ ನೂರು ವರ್ಷ ಬಾಳಲಿ, ನಿವೃತ್ತಿಯ ನಂತರವೂ ಪ್ರತಿ ಬೆಳಿಗ್ಗೆ ಮೈದಾನಕ್ಕೆ ಬಂದು ಮಕ್ಕಳ ಕಾಲಿಗೆ ಲೆಕ್ಕ ಕಲಿಸುತ್ತಿರಲಿ. ಆ ದಿನ ಏನಾಯಿತೆಂದು ಕೂತು ಜಗಳವಾಡಲು ಅವನಿಗೆ ಜಗತ್ತಿನಲ್ಲಿ ಬೇರೆ ಯಾರೂ ಇಲ್ಲ.