ಸುದ್ದಿ ಅಳೆದ ರಾಜಾರಾಮ ಟೇಲರ

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರಾಜಾರಾಮ ಟೇಲರನ ಅಂಗಡಿ. ಬೋರ್ಡಿನ ಮೇಲೆ ಹೆಸರು ಒಂದೇ, ಒಳಗೆ ಮಂದಿ ಇಬ್ಬರು. ರಾಜಾರಾಮ ಬಟ್ಟೆ ಕತ್ತರಿಸುವವ, ಉಸ್ಮಾನ ಹೊಲಿಯುವವ. ರಾಜಾರಾಮನ ಎಡಗಾಲು ಸಣ್ಣಂದಿನಿಂದ ಸೊಟ್ಟ, ಮಶೀನು ತುಳಿಯಲು ಬಾರದು. ಉಸ್ಮಾನನ ಕೈಗೆ ಕತ್ತರಿ ಕೊಟ್ಟರೆ ಒಂದು ತೋಳು ಮೊಣಕೈಗೆ, ಇನ್ನೊಂದು ಮುಂಗೈಗೆ. ಇಬ್ಬರೂ ಸೇರಿದರೆ ಒಬ್ಬ ಟೇಲರ. ರಾಜಾರಾಮನ ಹೆಂಡತಿ ಪದ್ಮವ್ವ ಬಾಗಿಲ ಬದಿಗೆ ಕೂತು ಸೀರೆಯ ಮೇಲಿನ ಜಂಪರಕ್ಕೆ ಹುಕ್ಕು ಹಚ್ಚುತ್ತಿದ್ದಳು. ಅವಳು ಕಲಿತದ್ದು ಎರಡನೇ ಇಯತ್ತೆ. ಜೋಡಕ್ಷರ ಬಂದಲ್ಲಿ ಶಾಲೆ ಬಿಟ್ಟವಳು.

ರಾಜಾರಾಮ ಪಾಲಬಾವಿಯ ಬೌದ್ಧರ ಮನೆಯವ. ಆ ಕಾಲು ಇಟ್ಟುಕೊಂಡು ಹೊಲಕ್ಕೆ ಬಂದು ಏನು ಮಾಡ್ತಾನೆ ಅಂತ ಅಪ್ಪ ಹನ್ನೆರಡನೇ ವರ್ಷಕ್ಕೆ ಚಿಕ್ಕೋಡಿಯ ಒಬ್ಬ ಟೇಲರನ ಹತ್ತಿರ ತಂದು ಕೂಡಿಸಿದ. ಅಲ್ಲಿ ಕತ್ತರಿ ಕಲಿತ, ಪೇಪರು ಓದುವುದೂ ಕಲಿತ. ಅಳತೆಯ ಕಾಗದವನ್ನು ಹಳೇ ಪೇಪರಿನಲ್ಲೇ ಕತ್ತರಿಸುತ್ತಾರೆ. ಕತ್ತರಿಸುವ ಮೊದಲು ಓದಬೇಕು ಅನ್ನುವುದು ಅವನ ಹಟ. ತನ್ನ ಅಂಗಡಿ ಆದ ಮೇಲೆ ಎರಡು ಪೇಪರು ತರಿಸಿದ, ಒಂದು ಕನ್ನಡ, ಒಂದು ಮರಾಠಿ. ಮುಂಜಾನೆ ಓದಿ ಜಗತ್ತಿಗೆಲ್ಲ ನ್ಯಾಯ ಹೇಳುವುದು, ವಾರ ಕಳೆದ ಮೇಲೆ ಅದೇ ಪೇಪರಿನಲ್ಲಿ ಯಾರದೋ ಬೆನ್ನು, ಯಾರದೋ ಕೊರಳು ಕತ್ತರಿಸುವುದು.

ಎರಡು ಸಾವಿರದ ನಾಲ್ಕರಲ್ಲಿ ಸುಡಾನದ ಸುದ್ದಿ ಬಂತು. ಊರೂರು ಸುಟ್ಟಾರೆ, ನರಮೇಧ ನಡೆದೈತಿ ಅಂತ ಮರಾಠಿ ಪೇಪರು ನಕಾಶೆ ಹಾಕಿ ಬರೆದಿತ್ತು. ಕನ್ನಡ ಪೇಪರಿನಲ್ಲಿ ಅದೇ ಸುದ್ದಿಗೆ ಘರ್ಷಣೆ ಅಂತ ಹೆಸರು. ರಾಜಾರಾಮ ಎರಡನ್ನೂ ಗಟ್ಟಿಯಾಗಿ ಓದಿದ. ಆವತ್ತು ಮಧ್ಯಾಹ್ನ ರೊಟ್ಟಿ ಬಿಟ್ಟು ಆ ನಕಾಶೆಯನ್ನೇ ನೋಡುತ್ತ ಕೂತ. ಉಸ್ಮಾನ ಮಾತ್ರ ಮಶೀನು ನಿಲ್ಲಿಸದೆ ಸುಳ್ಳು ಅಂದ. ಹೋದ ವರ್ಷ ಇರಾಕಿನಲ್ಲಿ ಭಾರೀ ಬಾಂಬು ಐತಿ ಅಂತ ಇವರೇ ಬರೆದರು, ಯುದ್ಧ ಆಯಿತು, ಬಾಂಬು ಸಿಕ್ಕಲಿಲ್ಲ. ಈಗ ಸುಡಾನದಾಗೂ ಎಣ್ಣೆ ಐತಿ, ನೋಡಿಕೋ ಅಂದ. ಎಣಿಸಿದವರು ಯಾರು, ಕಂಡವರು ಯಾರು, ಅಂತ ಕೇಳಿದ. ಕೇಳಿ ಕೊರಳಿನ ಟೇಪು ತೆಗೆದು ಸುದ್ದಿಯ ಮೇಲೆ ಇಟ್ಟ. ಸುಡಾನ ಹನ್ನೊಂದೂವರೆ ಇಂಚು. ಇರಾಕಿನಲ್ಲಿ ಮದುವೆ ಮನೆಯ ಮೇಲೆ ಬಾಂಬು ಬಿದ್ದ ಸುದ್ದಿ ಎರಡು ಇಂಚು, ಬಂಗಾರದ ದರದ ಕೆಳಗೆ.

ಪದ್ಮವ್ವ ಹುಕ್ಕು ಹಚ್ಚುತ್ತ ಸುಡಾನದಾಗ ಸತ್ತವರು ಯಾರು ಅಂತ ಕೇಳಿದಳು. ಅವರೂ ಮುಸಲ್ಮಾನರೇ, ವೈನಿ, ಅಂದ ಉಸ್ಮಾನ.

"ಹಂಗಾದ್ರ ನಿಮ್ಮವರು ಸತ್ತದ್ದನ್ನ ನೀನ ಯಾಕ ಸುಳ್ಳ ಮಾಡ್ತಿ, ಭಾಯಿ?"

ಉಸ್ಮಾನ ದಾರ ಕಡಿದುಕೊಂಡು ಬೇರೆ ಜಂಪರ ಎತ್ತಿಕೊಂಡ.

ಸುದ್ದಿಯನ್ನು ನಂಬಲಿಲ್ಲ ಅನ್ನುವುದೊಂದು ಬಿಟ್ಟರೆ ಉಸ್ಮಾನನ ಟೇಪು ರಾಜಾರಾಮನಿಗೆ ಬಹಳ ಹಿಡಿಸಿತು. ಅಂದಿನಿಂದ ಇಬ್ಬರೂ ಸುದ್ದಿ ಅಳೆಯುವುದಕ್ಕೆ ಬಿದ್ದರು. ಸಿನಿಮಾದವರ ಮದುವೆ ಮೂವತ್ತೆರಡು ಇಂಚು, ಫೋಟೋ ಸಹಿತ. ನಿಪ್ಪಾಣಿ ರಸ್ತೆಯ ಮರ ಕಡಿದಾಗ ಮರಗಳ ಮಾರಣಹೋಮ ಅಂತ ಒಂಬತ್ತು ಇಂಚು. ಆಫ್ರಿಕಾದಲ್ಲಿ ದೋಣಿ ಮುಳುಗಿದರೆ ಮುಕ್ಕಾಲು ಇಂಚು. ಮರಕ್ಕೆ ಸಿಕ್ಕ ಮಾತು ಮನುಷ್ಯನಿಗೆ ಸಿಗಬೇಕಾದರೆ ಕೊಂದವ ದೊಡ್ಡವರಿಗೆ ಬೇಡಾದವನಾಗಿರಬೇಕು, ಬೇಕಾದವ ಕೊಂದರೆ ಅದು ಘರ್ಷಣೆ, ಅಂತ ರಾಜಾರಾಮ ಗಿರಾಕಿಗಳಿಗೆ ತಿಳಿಸಿ ಹೇಳುತ್ತಿದ್ದ. ಅಳತೆ ಕೊಡಲು ಬಂದ ಹೆಂಗಸರು ಕೊರಳೆತ್ತಿ ನಿಂತೇ ಕೇಳಿಸಿಕೊಳ್ಳಬೇಕು. ಪೇಪರಿನವರ ಹತ್ತಿರ ಎರಡು ಟೇಪು ಅದಾವ, ನನ್ನ ಹತ್ತಿರ ಒಂದೇ, ಅನ್ನುವುದು ಅವನ ದಿನದ ಮಾತು. ಹದಿಮೂರು ವರ್ಷ ಹೇಳಿದ. ಪದ್ಮವ್ವನಿಗೂ ಹೌದು ಅನಿಸಿತ್ತು.

ಎರಡು ಸಾವಿರದ ಹದಿನೇಳು ಬಂತು. ಈ ಸಲ ಸುದ್ದಿ ಮೊದಲು ಓದಿದವ ಉಸ್ಮಾನ. ಬರ್ಮಾದಲ್ಲಿ ಮುಸಲ್ಮಾನರ ಹಳ್ಳಿ ಸುಟ್ಟಾರೆ, ಮಂದಿ ಗಡಿ ದಾಟಿ ಓಡಿದಾರೆ. ಎರಡೂವರೆ ಇಂಚು. ಅದರ ಪಕ್ಕಕ್ಕೇ, ಓಡಿ ಬಂದವರು ನುಸುಳುಕೋರರು, ಹುಷಾರಾಗಿರಬೇಕು ಅಂತ ಎಂಟು ಇಂಚು. ಉಸ್ಮಾನ ಟೇಪು ಇಟ್ಟು ತೋರಿಸಿ ರಾಜಾರಾಮನ ಮುಖ ನೋಡುತ್ತ ಕೂತ. ಹದಿಮೂರು ವರ್ಷದಲ್ಲಿ ಇಂಥದಕ್ಕೆ ರಾಜಾರಾಮನ ಬಾಯಿ ತಡವಾದದ್ದಿಲ್ಲ.

ಆವತ್ತು ತಡವಾಯಿತು. ಸುದ್ದಿಯ ಜೊತೆಗಿನ ಫೋಟೋದಲ್ಲಿ ಸೈನ್ಯದ ಪರ ಮೆರವಣಿಗೆ ಹೊರಟ, ಕಾವಿ ಉಟ್ಟ ಭಿಕ್ಕುಗಳಿದ್ದರು. ಅಂಗಡಿಯ ಗೋಡೆಯ ಮೇಲೆ ಬುದ್ಧನ ಫೋಟೋ ಇತ್ತು. ರಾಜಾರಾಮ ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ಆಮೇಲೆ ಸುಳ್ಳು ಅಂದ. ಬುದ್ಧನ ಮಕ್ಕಳು ಇರುವೆ ಸಹ ತುಳಿಯುವವರಲ್ಲ, ಧಮ್ಮಕ್ಕೆ ಹೆಸರು ಕೆಡಿಸಲು ಯಾರೋ ಕೂತು ಬರೆದಾರೆ. ಎಣಿಸಿದವರು ಯಾರು, ಕಂಡವರು ಯಾರು.

"ಅವು ನನ್ನ ಮಾತು, ರಾಜಾ," ಅಂದ ಉಸ್ಮಾನ. "ಬಾಡಗಿಗೆ ತಗೊಂಡಿಯೇನು?"

"ನೀ ಸುಡಾನಕ್ಕ ಅತ್ತಿದ್ದಿಯೇನು? ನಾ ಬರ್ಮಾಕ್ಕ ಯಾಕ ಅಳಲಿ?"

ಅಳುವುದಕ್ಕೂ ಸರದಿ ಇರುತ್ತದೆ ಅಂತ ಪದ್ಮವ್ವನಿಗೆ ಆವತ್ತೇ ತಿಳಿದದ್ದು.

ಮಾತು ನಿಂತಿತು. ಮೂರು ಫೂಟಿನ ಅಂತರದಲ್ಲಿ ಕೂತು ಇಬ್ಬರೂ ಪದ್ಮವ್ವನ ಬಾಯಿಂದ ಮಾತಾಡಿದರು. ಕೊರಳು ಏಳು ಇಂಚು ಅಂತ ಹೇಳು ಅವನಿಗೆ ಅಂತ ಇವನು, ಕೇಳಿಸೈತಿ ಅಂತ ಹೇಳ್ರಿ ವೈನಿ ಅಂತ ಅವನು. ಪೇಪರೂ ಹಂಚಿಹೋದವು. ಉಸ್ಮಾನ ಮರಾಠಿ ಪೇಪರು ಇಟ್ಟುಕೊಂಡ. ರಾಜಾರಾಮ ಕನ್ನಡ ಪೇಪರು ಇಟ್ಟುಕೊಂಡ, ಬರ್ಮಾ ಬಂದ ಪುಟವನ್ನು ಓದದೆ ಮಡಚಿ ಅಂಗಡಿಯ ರದ್ದಿ ಕಟ್ಟಿನೊಳಗೆ ತುರುಕಿದ. ಕಡೆಗೆ ಉಸ್ಮಾನ ಅಂಕಲಿ ರಸ್ತೆಯಲ್ಲಿ ಬೇರೆ ಮಳಿಗೆ ನೋಡಿ ಬಂದ. ಹೊಸ ವರ್ಷದ ಒಂದನೇ ತಾರೀಖಿಗೆ ಹೋಗುವವ. ರಾಜಾರಾಮ ಹೋಗಲಿ ಅಂದ. ಪದ್ಮವ್ವ ಗಂಡನ ಕಾಲು ನೋಡಿದಳು, ಉಸ್ಮಾನನ ಕೈ ನೋಡಿದಳು. ಒಬ್ಬ ಹೊಲಿಯಲಾರ, ಒಬ್ಬ ಕತ್ತರಿಸಲಾರ. ಚಿಕ್ಕೋಡಿಯಲ್ಲಿ ಎರಡು ಬೋರ್ಡು ಆಗುತ್ತಿದ್ದವು, ಟೇಲರ ಮಾತ್ರ ಒಬ್ಬನೂ ಇರುತ್ತಿರಲಿಲ್ಲ. ಹೇಳಿದರೆ ಇಬ್ಬರೂ ಕೇಳಲಿಲ್ಲ.

ಡಿಸೆಂಬರಿನಲ್ಲಿ ಐನಾಪುರದ ಜಿನಮತಿಯ ಮಗಳ ಮದುವೆಗೆ ಹನ್ನೊಂದು ಜಂಪರ ಬಂದವು. ಜಿನಮತಿ ಹಳೇ ಗಿರಾಕಿ, ಜೈನರ ಮನೆಯ ಹಿರಿ ಹೆಂಗಸು. ನಾಲ್ಕು ತಯಾರಾದ ಕೂಡಲೇ ಪೇಪರಿನಲ್ಲಿ ಸುತ್ತಿ ಮೊದಲೇ ಕಳಿಸಿದ್ದರು. ಉಳಿದ ಏಳಕ್ಕೆ ತೋಳು ಕೂಡಿಸುವ ದಿನ ರಾಜಾರಾಮನ ಮಗಳು ಶುಭಾಂಗಿ ಕಾಲೇಜಿನಿಂದ ಬಂದು ಕೈ ಹಚ್ಚಿದಳು. ಬಟ್ಟೆಯ ಮೇಲಿನಿಂದ ತೋಳಿನ ಕಾಗದ ಎತ್ತಿದವಳು ಅದರ ಮೇಲಿದ್ದದ್ದನ್ನು ಸುಮ್ಮನೆ ಓದಿದಳು. ಅಪ್ಪನ ರೂಢಿ ಅವಳಿಗೂ ಬಂದಿತ್ತು.

"ಸೈನಿಕರು ಹಳ್ಳಿಗೆ ಬೆಂಕಿ ಹಚ್ಚಿದರು. ಗಂಡಸರನ್ನು ಬೇರೆ ನಿಲ್ಲಿಸಿದರು. ನನ್ನ ಗಂಡನನ್ನು ಹೆಸರು ಹಿಡಿದು ಕರೆದರು. ನಾನು ಕೂಸನ್ನು ಎತ್ತಿಕೊಂಡು ಮೂರು ದಿನ ನಡೆದು ಗಡಿ ದಾಟಿದೆ ಎಂದು ಆಕೆ ಹೇಳಿದಳು. ಸರ್ಕಾರ ಇದನ್ನು ಅಲ್ಲಗಳೆದಿದೆ."

ಅಲ್ಲಿಗೆ ತೋಳು ಮುಗಿದಿತ್ತು. ಊರ ಹೆಸರು, ದೇಶದ ಹೆಸರು, ತಾರೀಖು ಎಲ್ಲ ಕತ್ತರಿಯಲ್ಲಿ ಹೋಗಿದ್ದವು. ರದ್ದಿ ಕಟ್ಟಿನಲ್ಲಿ ಹತ್ತು ಹದಿನೈದು ವರ್ಷದ ಪೇಪರು ಕೂಡಿದ್ದವು, ಇದು ಯಾವ ವರ್ಷದ್ದೋ ಹೇಳಲು ಬಾರದು. ಮಶೀನು ನಿಂತಿತು, ಕತ್ತರಿಯೂ ನಿಂತಿತು.

ಖರೆ ಅಂದ ರಾಜಾರಾಮ. ಇದು ಸುಡಾನದ್ದು, ಒಂದೊಂದು ಅಕ್ಷರ ಖರೆ, ಆವತ್ತು ಕೆಲವರು ನಂಬಲಿಲ್ಲ ಅಂತ ಮಗಳಿಗೆ ಹೇಳಿದ. ಖರೆ ಅಂದ ಉಸ್ಮಾನ. ಇದು ಬರ್ಮಾದ್ದು, ಕಣ್ಣಿಗೆ ಕಟ್ಟಿದ ಹಾಗೆ ಐತಿ, ಇಂದು ಕೆಲವರು ನಂಬುವುದಿಲ್ಲ ಅಂತ ಅವನೂ ಅದೇ ಹುಡುಗಿಗೆ ಹೇಳಿದ. ಮೂರು ತಿಂಗಳಿಗೆ ಇಬ್ಬರೂ ಒಂದು ಮಾತಿಗೆ ಬಂದಿದ್ದರು. ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ.

ಈಗ ಆ ಪುಟದ ಉಳಿದ ಭಾಗ ಬೇಕಾಯಿತು. ಹುಡುಕಿದರೆ ಇಲ್ಲ. ಜಿನಮತಿಯ ಮೊದಲ ನಾಲ್ಕು ಜಂಪರಕ್ಕೆ ಸುತ್ತಿ ಕೊಟ್ಟದ್ದು ಅದೇ ಅಂತ ಪದ್ಮವ್ವನಿಗೆ ನೆನಪಾಯಿತು. ರಾಜಾರಾಮ ತಾನು ಹೋಗಿ ನೋಡಿ ಬರುತ್ತೇನೆ ಅಂದರೆ ಉಸ್ಮಾನ ಬಿಡಲಿಲ್ಲ, ಕಾಗದ ಹರಿದು ಬಂದಾನು ಅಂತ. ಉಸ್ಮಾನ ಹೋಗುತ್ತೇನೆ ಅಂದರೆ ರಾಜಾರಾಮನಿಗೂ ಅದೇ ಸಂಶಯ. ಮರುದಿನ ಏಳು ಜಂಪರ ಚೀಲಕ್ಕೆ ಹಾಕಿಕೊಂಡು ಪದ್ಮವ್ವ ಹೊರಟಳು, ಇಬ್ಬರೂ ಬೆನ್ನು ಹತ್ತಿದರು. ಬಸ್ಸಿನಲ್ಲಿ ಮೂರು ಮಂದಿಯ ಸೀಟು, ನಡುವೆ ಅವಳು. ಕೃಷ್ಣಾ ದಾಟುವತನಕ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಕಬ್ಬಿನ ಟ್ರ್ಯಾಕ್ಟರು ಎಣಿಸುತ್ತ ಕೂತರು. ಎಲ್ಲಿಗೆ ಅಂತ ಕಂಡಕ್ಟರ ಕೇಳಿದಾಗ ಇಬ್ಬರೂ ಕೂಡಿಯೇ ಐನಾಪುರ ಅಂದರು, ಕೂಡಿಯೇ ಸಿಟ್ಟಾದರು.

ಜಿನಮತಿ ನೀರು ಬೆಲ್ಲ ಕೊಟ್ಟು ಜಂಪರ ನೋಡಿದಳು. ಪೇಪರಿನ ಮಾತು ಕೇಳಿ ಅವಳಿಗೆ ನಗೆ ಬಂತು. ಅದನ್ನು ಅಡುಗೆ ಮನೆಯ ಗೋಡೆಯ ಮಾಡದಲ್ಲಿ ಬ್ಯಾಳಿ ಡಬ್ಬಿಗಳ ಕೆಳಗೆ ಹಾಸಿದ್ದಳು. ಒಂದು ತುಂಡು ರದ್ದಿಗೆ ಇಬ್ಬರು ಟೇಲರರು ಬಸ್ಸು ಹತ್ತಿ ಬರುವುದೇನ್ರಿ ಅನ್ನುತ್ತ ಒಂದೊಂದೇ ಡಬ್ಬಿ ಇಳಿಸಿದಳು. ಪುಟದ ನಡುವೆ ತೋಳಿನ ಆಕಾರದ ತೂತು. ಪದ್ಮವ್ವ ಚೀಲದಿಂದ ತೋಳಿನ ಕಾಗದ ತೆಗೆದು ಆ ತೂತಿಗೆ ಕೂಡಿಸಿದಳು. ಸರಿಯಾಗಿ ಕೂತಿತು.

ಮೇಲೆ ಬರ್ಮಾ ಗಡಿ ಅಂತ ಇತ್ತು. ಸೆಪ್ಟೆಂಬರ ಎರಡು ಸಾವಿರದ ಹದಿನೇಳು.

ರಾಜಾರಾಮ ಕುಂಟುತ್ತ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದ. ಓದಿ, ಇದನ್ನು ಬರೆದವ ಅಲ್ಲಿಗೆ ಹೋಗಿದ್ದನೋ ಇಲ್ಲವೋ, ಯಾರಿಗೆ ಗೊತ್ತು ಅಂದ. ಸರ್ಕಾರ ಅಲ್ಲಗಳೆದೈತಿ ಅಂತ ಇಲ್ಲೇ ಬರೆದಾರಲ್ಲ ಅಂತಲೂ ಅಂದ.

ಪದ್ಮವ್ವ ಅದುವರೆಗೆ ಪರರ ಮನೆಯಲ್ಲಿ ಗಂಡನಿಗೆ ಎದುರಾಡಿದವಳಲ್ಲ, ಆವತ್ತು ಆಡಿದಳು.

"ನಿನ್ನಿ ಇದಕ್ಕ ಖರೆ ಅಂದೀರಿ. ರಾತ್ರೋರಾತ್ರಿ ಅದರಾಗಿನ ಒಂದ ಅಕ್ಷರ ಬದಲಾಗಿಲ್ರಿ."

ಜಿನಮತಿಗೆ ಏನೂ ತಿಳಿಯಲಿಲ್ಲ. ಅಂಥದೇನು ಬರೆದಾರೆ ಅಂತ ಕೇಳಿದಳು. ಪದ್ಮವ್ವ ತನಗೆ ನೆನಪಿದ್ದಷ್ಟು ಹೇಳಿದಳು, ಬೆಂಕಿ, ಗಂಡನನ್ನು ಹೆಸರು ಹಿಡಿದು ಕರೆದದ್ದು, ಕೂಸು, ಮೂರು ದಿನದ ದಾರಿ. ಯಾವ ದೇಶ, ಯಾವ ಜಾತಿ ಅಂತ ಜಿನಮತಿ ಕೇಳಲಿಲ್ಲ. ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಒಂದು ಮಾತು ಕೇಳಿದಳು.

"ಆಮ್ಯಾಲೆ ಆಕಿ ಎಲ್ಲಿ ಹೋದಳು?"

ಪೇಪರಿನಲ್ಲಿ ಅದಿರಲಿಲ್ಲ. ರಾಜಾರಾಮ ಪುಟವನ್ನು ಇನ್ನೊಮ್ಮೆ ನೋಡಿದ, ತಿರುವಿ ಹಿಂದೆಯೂ ನೋಡಿದ. ಹಿಂದೆ ಫ್ರಿಜ್ಜಿನ ಜಾಹೀರಾತು. ಹದಿಮೂರು ವರ್ಷ ಇಂಚು ಹಿಡಿದವರು ಇಬ್ಬರಿದ್ದರು ಅಲ್ಲಿ. ಅಂಥವಳು ಎಲ್ಲಿ ಹೋದಳು ಅಂತ ಇಬ್ಬರೂ ಒಂದು ದಿನವೂ ಕೇಳಿರಲಿಲ್ಲ.

ಹಿಂದಿರುಗುವಾಗ ಮಾತು ತೆಗೆದವ ಗೆದ್ದವನೇ. ಸುಡಾನದ್ದೂ ಹೀಗೇ ಬರೆದಿದ್ದರು, ಆವತ್ತು ನಾನು ಟೇಪು ಹಿಡಿದೆ, ಓದಲಿಲ್ಲ, ಅಂತ ಉಸ್ಮಾನ ಪದ್ಮವ್ವನ ಕಡೆ ನೋಡಿ ಹೇಳಿದ. ಗಂಡನಿಗೆ ದಾಟಿಸಲಿ ಅಂತ. ಪದ್ಮವ್ವ ದಾಟಿಸಲಿಲ್ಲ, ಕಣ್ಣು ಮುಚ್ಚಿಕೊಂಡು ಕೂತಳು. ಕಡೆಗೆ ರಾಜಾರಾಮ ಅವಳ ತಲೆಯ ಮೇಲಿಂದ ಮಾತಾಡಿದ.

"ಸುಳ್ಳ ಅಂದ್ರ ಪುಟ ಮಡಚಿ ಇಡಬಹುದು, ಉಸ್ಮಾನ. ಖರೆ ಅಂದ ಮ್ಯಾಲ ಏನ ಮಾಡೂದು?"

"ನನಗೂ ಗೊತ್ತಿಲ್ಲ ಬಿಡು."

ಆ ಭಾನುವಾರ ಬೌದ್ಧರ ವಿಹಾರದಲ್ಲಿ ಬುದ್ಧ ವಂದನೆ ಮುಗಿದ ಮೇಲೆ ಹಿರಿಯ ಭಾವುಸಾಹೇಬ ಒಂದು ಪತ್ರ ಓದಿದ. ಬರ್ಮಾದ ಸುದ್ದಿ ಸುಳ್ಳು, ಧಮ್ಮದ ಮೇಲೆ ಹೂಡಿದ ಸಂಚು ಅಂತ ಪೇಪರಿಗೆ ಬರೆದದ್ದು. ಎಲ್ಲರೂ ಸಹಿ ಮಾಡಿದರು. ರಾಜಾರಾಮ ಎದ್ದು, ನಾನು ಮಾಡುವುದಿಲ್ಲ, ಅದು ಖರೆ ಅಂದ. ನಿನಗೆ ಹೇಳಿದವರು ಯಾರು ಅಂತ ಭಾವುಸಾಹೇಬ ಕೇಳಿದ. ಐನಾಪುರದಾಗ ಬ್ಯಾಳಿ ಡಬ್ಬಿ ಕೆಳಗೆ ಓದಿದೆ ಅಂದ ರಾಜಾರಾಮ. ಮಂದಿ ನಕ್ಕರು. ಮುಂದೆ ವಂದನೆ ಹೇಳಿಸುವ ಸರದಿ ಅವನಿಗೆ ಬರಲಿಲ್ಲ. ಅವನ ದನಿ ಚೆಂದ ಇತ್ತು, ಅದಕ್ಕೇ ಪದ್ಮವ್ವನಿಗೆ ಸಂಕಟ.

ಉಸ್ಮಾನನೂ ತಮ್ಮ ಓಣಿಯ ಚಹದ ಅಂಗಡಿಯಲ್ಲಿ ಸುಡಾನದ್ದು ಖರೆ ಇತ್ತು ಅಂತ ಹೇಳಿ ಬಂದ. ಅಲ್ಲಿ ಯಾರೂ ಜಗಳ ಆಡಲಿಲ್ಲ. ಹದಿಮೂರು ವರ್ಷದ ಹಿಂದಿನದು ಈಗ್ಯಾಕೋ ಅಂತ ಚಹಾ ಕುಡಿದು ಎದ್ದು ಹೋದರಂತೆ. ಅದನ್ನು ಕೇಳಿ ರಾಜಾರಾಮ ಮೂರು ತಿಂಗಳ ಮೇಲೆ ಮೊದಲ ಸಲ ನಕ್ಕ. ಕೆಮ್ಮು ಬರುವತನಕ ನಕ್ಕ. ಒಂದನೇ ತಾರೀಖು ಬಂತು. ಉಸ್ಮಾನ ಎಂದಿನ ಹಾಗೆ ಒಂಬತ್ತಕ್ಕೆ ಬಂದು ಮಶೀನಿಗೆ ಎಣ್ಣೆ ಬಿಟ್ಟ. ಮಳಿಗೆಯ ಮಾತು ಯಾರೂ ತೆಗೆಯಲಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ಫೆಬ್ರುವರಿಯಲ್ಲಿ ರಾಜಾರಾಮ ಕತ್ತರಿ ಹಿಡಿದುಕೊಂಡೇ ಮೇಜಿನ ಮೇಲೆ ಒರಗಿದ, ಮತ್ತೆ ಏಳಲಿಲ್ಲ. ಎದೆ ಅಂದರು ಡಾಕ್ಟರರು. ಐವತ್ತಾರು ವರ್ಷ. ಪದ್ಮವ್ವ ಮೂರು ತಿಂಗಳು ಅಂಗಡಿಯ ಕಡೆ ಹೋಗಲಿಲ್ಲ. ಉಸ್ಮಾನ ದಿನಾ ಬಾಗಿಲು ತೆಗೆದು ಕೂಡುತ್ತಿದ್ದ. ಹೊಲಿಯಲು ಏನೂ ಇರುತ್ತಿರಲಿಲ್ಲ, ಕತ್ತರಿಸಿ ಕೊಡುವವ ಇರಲಿಲ್ಲ.

ನಾಲ್ಕನೇ ತಿಂಗಳು ಪದ್ಮವ್ವ ಹೋಗಿ ಗಂಡನ ಮೇಜಿನ ಮುಂದೆ ನಿಂತಳು. ಅವನ ಕತ್ತರಿ ಅವಳ ಕೈಗೆ ದೊಡ್ಡದು. ಈಗಲೂ ಅವಳೇ ಕತ್ತರಿಸುತ್ತಾಳೆ. ಒಂದು ತೋಳು ಸ್ವಲ್ಪ ಹೆಚ್ಚು, ಒಂದು ಕಡಿಮೆ ಬರುತ್ತದೆ. ಉಸ್ಮಾನ ಹೊಲಿಗೆಯಲ್ಲಿ ಸರಿಮಾಡುತ್ತಾನೆ.